ಕರೆಂಟಿಲ್ಲದ ಕಂಪ್ಯೂಟರ್ ಕ್ಲಾಸು

ಹಾಲಸ್ವಾಮಿ ಮೇಷ್ಟ್ರು ಸುಳ್ಳು ಹೇಳುವ ಪೈಕಿಯವರಲ್ಲ. ಭದ್ರಾವತಿಯ ಜನ್ನಾಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಲೇ ತಲೆ ಬೆಳ್ಳಗಾಗಿಸಿಕೊಂಡ ಅವರು ಪಾಣಿಪತ್ ಯುದ್ಧವನ್ನು ಒಂದು ವರ್ಷ ಕೂಡ ಆಚೆ ಈಚೆ ಸರಿಸಿದವರಲ್ಲ. ಆದರೆ ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ, ಮುಖಕ್ಕೆ ಗಾಳಿ ಬಡಿಯುತ್ತಾ, ತೊಡೆಯ ಮೇಲೆ ಹೊಸ ಸರ್ಟಿಫಿಕೇಟು ಕೂತಿರುವಾಗ ಎಂಥ ಸಾಧುವಿನ ಬಾಯಿಂದಲೂ ಒಂದು ಮಾತು ಹೆಚ್ಚಿಗೆ ಉದುರುವುದುಂಟು. ಅವರ ಬಾಯಿಂದ ಉದುರಿದ್ದೂ ಒಂದೇ ಮಾತು. ಅದು ಅವರಿಗಿಂತ ಮೊದಲು ಬಸ್ಸಿಳಿದು ಊರೊಳಗೆ ಹೋಗಿಬಿಟ್ಟಿತು.

ಎರಡು ಸಾವಿರದ ಎರಡನೇ ಇಸವಿ. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ‘ಗಣಕ ಗೆಳೆಯರ ಕ್ಲಬ್ಬು’ ಎಂದೊಂದು ಶುರುವಾಗಿತ್ತು. ಕಂಪ್ಯೂಟರ್ ಎಂಬುದು ಬರೀ ಆಫೀಸಿನವರ ಸೊತ್ತಲ್ಲ, ಮೇಷ್ಟ್ರುಗಳೂ ಕಲಿಯಬೇಕು, ಮನೆಯವರೂ ಅಂಗಡಿಯವರೂ ಕಲಿಯಬೇಕು ಎಂದು ಅದರ ಅಧ್ಯಕ್ಷ ಶೇಷಪ್ಪನವರ ಹಟ. ಒಂದೊಂದು ಬಡಾವಣೆಯಿಂದ ಒಬ್ಬೊಬ್ಬ ಮೇಷ್ಟ್ರನ್ನು ಕರೆಸಿ ಕಲಿಸುವುದು, ಅವರು ತಮ್ಮೂರಿಗೆ ಹೋಗಿ ಉಳಿದವರಿಗೆ ಕಲಿಸುವುದು ಎಂದು ಏರ್ಪಾಡಾಗಿತ್ತು. ಜನ್ನಾಪುರದಿಂದ ಹಾಲಸ್ವಾಮಿ ಆಯ್ಕೆಯಾದದ್ದಕ್ಕೆ ವಿಶೇಷ ಕಾರಣವೇನೂ ಇಲ್ಲ. ಯಾರು ಹೋಗುತ್ತೀರಿ ಎಂದು ಹೆಡ್‌ಮಾಸ್ಟರು ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿದರು, ಇವರು ಮಾತ್ರ ಫ್ಯಾನು ಯಾಕೆ ಸದ್ದು ಮಾಡುತ್ತಿದೆ ಎಂದು ಮೇಲೆ ನೋಡುತ್ತಿದ್ದರು.

ತರಬೇತಿಯಲ್ಲಿ ಒಂದೊಂದು ಕಂಪ್ಯೂಟರಿಗೂ ನಾಲ್ಕಾರು ಜನ. ಹಾಲಸ್ವಾಮಿಯವರದು ಸಂಕೋಚದ ಸ್ವಭಾವ. ತಮ್ಮ ಸರದಿ ಬಂದಾಗೆಲ್ಲ ಪಕ್ಕದವರಿಗೆ ನೀವು ನೋಡಿ, ನಾನು ಆಮೇಲೆ ನೋಡುತ್ತೇನೆ ಎನ್ನುತ್ತಿದ್ದರು. ಆ ‘ಆಮೇಲೆ’ ಬರಲೇ ಇಲ್ಲ. ಹುರುಪಿನ ಹುಡುಗ ಮೇಷ್ಟ್ರುಗಳು ನುಗ್ಗಿದ ಹಾಗೆಲ್ಲ ಇವರು ಸರಿದು ಸರಿದು, ಕೊನೆಗೆ ಮೇಜನ್ನೇ ಸುತ್ತುಹಾಕಿ ಕಂಪ್ಯೂಟರಿನ ಬೆನ್ನಿಗೂ ಗೋಡೆಗೂ ನಡುವೆ ಹೋಗಿ ನಿಂತರು. ಅಲ್ಲಿಂದ ಅದರ ನೆತ್ತಿಯ ಮೇಲೆ ಬಗ್ಗಿ ನೋಡಿದರೆ ಎದುರಿಗೆ ಕೂತವರ ಬೆರಳೂ ಕೀಬೋರ್ಡೂ ಕಾಣುತ್ತಿದ್ದವು. ಮೇಷ್ಟ್ರು ಶ್ರದ್ಧೆಯವರು. ಯಾವ ಅಕ್ಷರ ಎಲ್ಲಿದೆ ಎಂದು ಒಂದೂ ಬಿಡದೆ ಚಿತ್ರ ಬರೆದುಕೊಂಡರು. ಪರದೆಯ ಮೇಲೆ ಏನು ಮೂಡುತ್ತಿತ್ತೋ ಅದು ಮಾತ್ರ ಅವರಿಗೆ ಕಾಣಲಿಲ್ಲ. ನೋಡುವವರ ಮುಖ ಅರಳುವುದಷ್ಟೇ ಕಾಣುತ್ತಿತ್ತು. ಇಲ್ಲಿ ಒತ್ತಿದ್ದು ಅಲ್ಲಿ ಹೇಗಪ್ಪಾ ಮೂಡುತ್ತದೆ ಎಂಬ ಕುತೂಹಲ ಅವರನ್ನು ಹಗಲೆಲ್ಲ ಕೊರೆಯುತ್ತಿತ್ತು. ಕೊನೆಯ ದಿನ ಬಂತು, ಸರ್ಟಿಫಿಕೇಟೂ ಬಂತು, ಕಂಪ್ಯೂಟರನ್ನು ಮುಟ್ಟುವ ಯೋಗ ಬರಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವನು ಲೈನ್‌ಮನ್ ಚೌಡಪ್ಪ. ಕಂಬ ಹತ್ತಿದರೂ ಸುದ್ದಿ, ಇಳಿದರೂ ಸುದ್ದಿ ಎನ್ನುವ ಆಸಾಮಿ. ಕಂಪ್ಯೂಟರ್ ಕಲಿತಿರಂತಲ್ಲ ಎಂದು ಅವನು ವಿನಯದಿಂದಲೇ ಕೇಳಿದ.

“ಕಲಿಯೋದೇನು ಬಂತು ಚೌಡಪ್ಪ,” ಎಂದರು ಮೇಷ್ಟ್ರು. “ಈಗ ಕಣ್ಮುಚ್ಕಂಡು ಹೊಡೀತೀನಿ.”

ಮಾರನೇ ದಿನ ಬೆಳಿಗ್ಗೆ ಅವರ ಹೆಂಡತಿ ಜಗದಾಂಬಾ ಪೂಜೆಗೆ ಹೂವು ತರಲು ಬಸ್‌ಸ್ಟಾಪಿನ ಸಣ್ಣಮ್ಮನ ಅಂಗಡಿಗೆ ಹೋದರೆ ಅಲ್ಲಿ ಅದೇ ಮಾತು. ನಿಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡು ಕಂಪ್ಯೂಟರ್ ಹೊಡೆಯುತ್ತಾರಂತೆ ಎಂದು ಸಣ್ಣಮ್ಮ ಒಂದು ಮೊಳ ಹೂವು ಹೆಚ್ಚಿಗೆ ಅಳೆದು ಕೊಟ್ಟಳು. ಜಗದಾಂಬಾ ಹೂವು ಬೇಡ ಎನ್ನಲಿಲ್ಲ. ಮನೆಗೆ ಬಂದು ಗಂಡನ ಮುಂದೆ ನಿಂತು, “ಏನ್ರೀ, ಕಣ್ಣು ಬಿಟ್ಕಂಡು ಕನ್ನಡಕ ಹುಡುಕಕ್ಕಾಗಲ್ಲ ನಿಮಗೆ,” ಎಂದಷ್ಟೇ ಹೇಳಿ ಒಳಗೆ ಹೋದರು. ಮೇಷ್ಟ್ರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು.

ಅಷ್ಟಕ್ಕೇ ಮುಗಿದಿದ್ದರೆ ಊರು ಮರೆಯುತ್ತಿತ್ತು. ಆದರೆ ಮುಂದಿನ ವಾರವೇ ಕ್ಲಬ್ಬಿನ ಕಾರ್ಯದರ್ಶಿ ಜ್ಞಾನೇಶ್ ಗೂಡ್ಸ್ ಆಟೋದಲ್ಲಿ ಎರಡು ಕಂಪ್ಯೂಟರ್ ಹಾಕಿಕೊಂಡು ಜನ್ನಾಪುರಕ್ಕೆ ಬಂದಿಳಿದ. ಸಣ್ಣಮ್ಮನ ಅಂಗಡಿಯ ಪಕ್ಕದ ಖಾಲಿ ಕೋಣೆಯಲ್ಲಿ ಅವನ್ನಿಟ್ಟು ಕ್ಲಬ್ಬಿನ ಕರಾರು ತಿಳಿಸಿದ. ಇವು ಸದ್ಯಕ್ಕೆ ಪರೀಕ್ಷೆಗೆ ಬಂದಿವೆ. ದೀಪಾವಳಿ ಕಳೆದ ಮೇಲೆ ಶೇಷಪ್ಪನವರೇ ಬಂದು ನೋಡುತ್ತಾರೆ. ಕಲಿತವರು ತಮ್ಮ ತಮ್ಮ ಹೆಸರನ್ನು ತಾವೇ ಟೈಪ್ ಮಾಡಿ ತೋರಿಸಿದರೆ ಕಂಪ್ಯೂಟರುಗಳು ಇಲ್ಲೇ ಖಾಯಂ, ಇಲ್ಲದಿದ್ದರೆ ತರೀಕೆರೆಯವರು ಕಾದು ಕೂತಿದ್ದಾರೆ, ಅಲ್ಲಿಗೆ ಹೋಗುತ್ತವೆ. ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಜನ್ನಾಪುರಕ್ಕೆ ಬಂದದ್ದು ತರೀಕೆರೆಗೆ ಹೋಗುವುದೆಂದರೇನು, ಮಾನ ಇರುವವರು ಸಹಿಸುವ ಮಾತೇ ಅದು.

ಜಗದಾಂಬಾ ಎರಡಕ್ಕೂ ವಿಭೂತಿ ಹಚ್ಚಿ, ದಾಸವಾಳ ಮುಡಿಸಿ, ಹಳೇ ಪರದೆ ಬಟ್ಟೆಯಲ್ಲಿ ಗವಸು ಹೊಲಿದು ಹಾಕಿದರು. ಮೇಷ್ಟ್ರ ಕೊರಳಲ್ಲಿ ಲಿಂಗದ ಕರಡಿಗೆಯಿತ್ತು, ಅದರ ಪಕ್ಕಕ್ಕೇ ಬೀಗದ ಕೈಯೂ ನೇತಾಡತೊಡಗಿತು.

ಯಾರೂ ಇಲ್ಲದ ಹೊತ್ತಿನಲ್ಲಿ ಹೋಗಿ ಒಮ್ಮೆ ಮುಟ್ಟಿ ನೋಡಬೇಕೆಂದು ಮೇಷ್ಟ್ರು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಾಗಿಲು ಕಿರ್ರೆಂದರೆ ಸಾಕು, ಬಸ್ಸಿಗೆ ಕಾಯುವವರೆಲ್ಲ ಕಿಟಕಿಗೆ ಬಂದು ನಿಲ್ಲುವರು. ಒಂದು ದಿನ ಬೆಳಗಾಗುವ ಮೊದಲೇ ಹೋದರು. ಸಣ್ಣಮ್ಮ ಆಗಲೇ ಹೂವಿನ ಮೂಟೆ ಬಿಚ್ಚುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಹೊಡೆಯುವುದನ್ನು ಒಂದು ಸಲ ತೋರಿಸಿಬಿಡಿ, ಪುಣ್ಯ ಬರುತ್ತದೆ ಎಂದು ಬೆನ್ನು ಹತ್ತಿ ಬಂದಳು. ಮೇಷ್ಟ್ರು ಗವಸಿನ ಮೇಲಿನ ಧೂಳು ಕೊಡವಿ, ಎಲ್ಲ ಸರಿ ಇದೆಯೋ ಇಲ್ಲವೋ ನೋಡಲು ಬಂದಿದ್ದೆ ಎಂದು ಹೇಳಿ ವಾಪಸಾದರು.

ಮೊದಲ ಕ್ಲಾಸು ಒಂದು ಭಾನುವಾರ. ಹೈಸ್ಕೂಲಿನ ನಾಲ್ಕಾರು ಮೇಷ್ಟ್ರು, ಮೇಡಂಗಳು, ಸಣ್ಣಮ್ಮ, ಬೀದಿಯ ಕೆಲವು ಗೃಹಿಣಿಯರು ಬಂದು ಚಾಪೆಯ ಮೇಲೆ ಕೂತರು. ಹಾಲಸ್ವಾಮಿ, ಇವತ್ತು ಊರ ಮುಂದೆ ಬಣ್ಣ ಬಯಲಾಯಿತು ಎಂದುಕೊಳ್ಳುತ್ತಾ ಗವಸಿಗೆ ಕೈಹಾಕಿದರು. ಅಷ್ಟರಲ್ಲಿ ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಕರೆಂಟು ಹೋಗಿತ್ತು. ಆ ವರ್ಷ ಲೋಡ್ ಶೆಡ್ಡಿಂಗಿಗೆ ಭಾನುವಾರವೆಂದು ರಜೆಯಿರಲಿಲ್ಲ. ಕರೆಂಟು ಹೋದರೂ ನಡೆಯುವಂಥ ಬ್ಯಾಟರಿ ಪೆಟ್ಟಿಗೆ ತರಲು ಕ್ಲಬ್ಬಿಗೆ ಇನ್ನೂ ಆಗಿರಲಿಲ್ಲ.

ಮೇಷ್ಟ್ರ ಮುಖದಲ್ಲಿ ಕಳೆ ಬಂತು. ಗವಸನ್ನು ಕೆಳಗೆಳೆದು ಸರಿಪಡಿಸಿ, ಕರೆಂಟಿಲ್ಲದಾಗ ಇದನ್ನು ಮುಟ್ಟಬಾರದು, ಒಳಗಿನ ನರ ನಿಷ್ಕ್ರಿಯವಾಗುತ್ತದೆ ಎಂದು ಗಂಭೀರವಾಗಿ ಹೇಳಿದರು. ಆಮೇಲೆ ಬೋರ್ಡಿನ ಮೇಲೆ ತಮ್ಮ ಚಿತ್ರವನ್ನು ದೊಡ್ಡದಾಗಿ ಬರೆದು, ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಹೊತ್ತಿಸಲು ಗೋಡೆ ಗುಂಡಿ, ಡಬ್ಬಿ ಗುಂಡಿ, ಪರದೆ ಗುಂಡಿ. ಉದ್ದನೆಯ ಪಟ್ಟಿ ಎಲ್ಲಕ್ಕಿಂತ ಮೇಲೆ. ಎ ಬಲಗಡೆ, ಪಿ ಎಡಗಡೆ, ಅಂಕಿಗಳೆಲ್ಲ ಹೊಟ್ಟೆಯ ಹತ್ತಿರ. ಕ್ಲಾಸಿಗೆ ಕ್ಲಾಸೇ ರಾಗವಾಗಿ ಹೇಳಿತು. ಬಸ್ಸಿಗೆ ಕಾಯುವವರೂ ಕಿಟಕಿಯಾಚೆಯಿಂದ ದನಿಗೂಡಿಸಿದರು.

ಕನ್ನಡ ಮೇಷ್ಟ್ರು ಜಯಪ್ಪ ಹಿಂದೆ ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದವರು. ಅವರು ಕೈಯೆತ್ತಿ, ಟೈಪ್‌ರೈಟರಿನಲ್ಲಿ ಉದ್ದನೆಯ ಪಟ್ಟಿ ಕೆಳಗಿರುತ್ತದಲ್ಲ ಎಂದು ಅನುಮಾನ ತೆಗೆದರು.

“ಅದು ಟೈಪ್‌ರೈಟರ್ರು ಜಯಪ್ಪ, ಇದು ಕಂಪ್ಯೂಟರ್ರು,” ಎಂದರು ಹಾಲಸ್ವಾಮಿ. “ಅದೇ ಥರ ಇರೋದಾದ್ರೆ ಹೊಸದು ಯಾಕೆ ಕಂಡುಹಿಡೀತಿದ್ರು?”

ಜಯಪ್ಪನವರಿಗೆ ಇದು ಸರಿಯೆನಿಸಿತು. ಕೈ ಇಳಿಸಿ, ತಾವು ಕಲಿತ ಹಳೆಯದನ್ನು ಅವತ್ತಿನಿಂದಲೇ ಮರೆಯಲು ತೊಡಗಿದರು.

ಕರೆಂಟಿಲ್ಲದೆ ಕಂಪ್ಯೂಟರ್ ಕಲಿಸಿದರು ಎಂಬ ಖ್ಯಾತಿ ಕಾಗದದ ಕಾರ್ಖಾನೆಯ ಗೇಟಿನ ತನಕ ಹಬ್ಬಿತು. ಮೇಷ್ಟ್ರಿಗೂ ದಾರಿ ಕಂಡಿತು. ಕ್ಲಾಸನ್ನು ಕರೆಂಟು ಹೋಗುವ ಹೊತ್ತಿಗೇ ಇಟ್ಟುಕೊಂಡರೆ ಯಾವ ಗಂಡಾಂತರವೂ ಇಲ್ಲ. ಪ್ರತಿ ಶನಿವಾರ ಚೌಡಪ್ಪನನ್ನು ಹುಡುಕಿಕೊಂಡು ಹೋಗಿ, ಅವನು ಕಂಬದ ಮೇಲಿದ್ದರೆ ಕೆಳಗೇ ನಿಂತು, ನಾಳೆ ಯಾವಾಗ ಹೋಗುತ್ತದೆ ಎಂದು ವಿಚಾರಿಸುವರು. ಅವನು ಹೇಳಿದ ಹೊತ್ತನ್ನೇ ಕ್ಲಾಸಿನ ಹೊತ್ತೆಂದು ಬಾಗಿಲ ಮೇಲೆ ಬರೆಯುವರು. ಸೀರೆ ಡಬ್ಬಿಗಳ ರಟ್ಟಿನ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೀಬೋರ್ಡು ಬರೆದುಕೊಟ್ಟರು. ಮನೆಯಲ್ಲಿ ಅಕ್ಕಿ ಆರಿಸುತ್ತಲೂ ಗಿರಾಕಿಗೆ ಕಾಯುತ್ತಲೂ ಜನ ರಟ್ಟು ಕುಟ್ಟತೊಡಗಿದರು. ಸಣ್ಣಮ್ಮ ಈ ಹುಮ್ಮಸ್ಸಿಗೇ ಇಂಗ್ಲಿಷ್ ಅಕ್ಷರ ಕಲಿತಳು. ಹೂವು ಕಟ್ಟಿ ಪಳಗಿದ ಬೆರಳುಗಳು, ರಟ್ಟಿನ ಕಡೆ ಅವಳು ನೋಡುತ್ತಲೇ ಇರಲಿಲ್ಲ. ನೋಡಬಾರದೆಂದೇ ಎಲ್ಲರೂ ಅಭ್ಯಾಸ ಮಾಡಿದ್ದರು, ಗುರು ಕಣ್ಣು ಮುಚ್ಚಿ ಹೊಡೆಯುವಾಗ ಶಿಷ್ಯರು ಕಣ್ಣು ಬಿಟ್ಟು ಹೊಡೆದರೆ ಏನು ಚೆನ್ನ.

ಇತ್ತ ಚೌಡಪ್ಪನ ಮನಸ್ಸಿನಲ್ಲಿ ಬೇರೆಯೇ ಕುದಿಯುತ್ತಿತ್ತು. ಪಾಪ, ಮೇಷ್ಟ್ರು ಪ್ರತಿ ವಾರ ಬಂದು ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳುತ್ತಾರೆ, ಆದರೂ ಪ್ರತಿ ವಾರ ಕ್ಲಾಸಿನ ಹೊತ್ತಿಗೇ ಕರೆಂಟು ಹೋಗುತ್ತದೆ, ಒಂದು ದಿನವಾದರೂ ಜಗಳ ಆಡಿದವರಲ್ಲ. ಇಂಥ ದೇವರಂಥ ಮನುಷ್ಯನಿಗೆ ತಾನೇನು ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡ. ಶೇಷಪ್ಪನವರು ಬರುವ ದಿನ ಗೊತ್ತಾದಾಗಲೂ ಮೇಷ್ಟ್ರು ಬಂದು ಕೇಳಿದರು. ಹತ್ತರಿಂದ ಹನ್ನೆರಡು ಇರುವುದಿಲ್ಲ ಎಂದ ಚೌಡಪ್ಪ. ಹಾಗಾದರೆ ಕಾರ್ಯಕ್ರಮ ಸರಿಯಾಗಿ ಹತ್ತಕ್ಕೇ ಎಂದು ಮೇಷ್ಟ್ರು ಹಗುರಾಗಿ ಹೊರಟರು. ಕರೆಂಟಿಲ್ಲವೆಂದು ತಿಳಿದೂ ಹಿಂಜರಿಯದವರು ಎಂದು ಅವರ ಬೆನ್ನನ್ನೇ ನೋಡುತ್ತಾ ನಿಂತ ಚೌಡಪ್ಪನ ಕಣ್ಣಲ್ಲಿ ನೀರು ಬಂತು. ಅವತ್ತೇ ಹೋಗಿ ಕರೆಂಟಾಫೀಸಿನ ಸಾಹೇಬರ ಕೈಕಾಲು ಹಿಡಿದು, ಜನ್ನಾಪುರದ ಸರದಿಯನ್ನು ಬೇರೆ ಲೈನಿಗೆ ಅದಲುಬದಲು ಮಾಡಿಸಿದ. ಹತ್ತರಿಂದ ಹನ್ನೆರಡು ಕರೆಂಟು ಇರುತ್ತದೆ, ಹನ್ನೆರಡಕ್ಕೆ ಹೋಗುತ್ತದೆ. ಮೇಷ್ಟ್ರಿಗೆ ಮಾತ್ರ ಹೇಳಲಿಲ್ಲ, ಆಶ್ಚರ್ಯವಾಗಲಿ ಎಂದು.

ಆ ಭಾನುವಾರ ಜನ್ನಾಪುರದ ಬಸ್‌ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಲು ಜಾಗವಿರಲಿಲ್ಲ. ಶೇಷಪ್ಪನವರು ಹಾರ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ಅವರ ಪಕ್ಕ ಜ್ಞಾನೇಶ್. ಹಾಲಸ್ವಾಮಿ ಗಡಿಯಾರ ನೋಡಿದರು, ಹತ್ತು. ಫ್ಯಾನು ನೋಡಿದರು, ತಿರುಗುತ್ತಿತ್ತು. ಸ್ವಾಗತ ಭಾಷಣ ಎಳೆದರು, ಮಲೆನಾಡಿನ ಇತಿಹಾಸವನ್ನು ಕೆಳದಿಯವರೆಗೆ ತಂದರು. ಫ್ಯಾನು ಇನ್ನೂ ಜೋರಾಗಿ ತಿರುಗಿತು. ಕಿಟಕಿಯಲ್ಲಿ ಚೌಡಪ್ಪನ ಮುಖ ಕಂಡಿತು. ಕರೆಂಟು ಇನ್ನೂ ಯಾಕೆ ಹೋಗಿಲ್ಲ ಎನ್ನುವಂತೆ ಮೇಷ್ಟ್ರು ಹುಬ್ಬೆತ್ತಿದರು.

“ಹೆದರ್ಬೇಡಿ ಮೇಷ್ಟ್ರೇ,” ಎಂದು ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಹನ್ನೆರಡರ ತನಕ ಕರೆಂಟ್ ಹೋದ್ರೆ ನಾನು ಚೌಡಪ್ಪನೇ ಅಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರ ಕಾಲುಗಳು ಅಭ್ಯಾಸಬಲದಿಂದ ತಂತಾನೇ ಹಿಂದೆ ಹಿಂದೆ ಸರಿಯುತ್ತಾ ಹೋಗಿ ಕಂಪ್ಯೂಟರಿನ ಬೆನ್ನಿಗೂ ಗೋಡೆಗೂ ನಡುವೆ ನಿಂತವು.

ಮೊದಲ ಹೆಸರು ಸಣ್ಣಮ್ಮನದು. ಅವಳು ಗವಸು ತೆಗೆದು, ಮಗ್ಗಿ ಹೇಳಿಕೊಳ್ಳುತ್ತಾ ಗೋಡೆ ಗುಂಡಿ, ಡಬ್ಬಿ ಗುಂಡಿ, ಪರದೆ ಗುಂಡಿ ಒತ್ತಿದಳು. ಕಂಪ್ಯೂಟರು ಹೊತ್ತಿಕೊಂಡಿತು. ಜ್ಞಾನೇಶ್ ಬಂದು ಟೈಪ್ ಮಾಡುವ ಹಾಳೆ ತೆರೆದುಕೊಟ್ಟ. ಸಣ್ಣಮ್ಮ ಕೀಬೋರ್ಡಿನ ಮೇಲೆ ಕೈಯಿಟ್ಟವಳು ಕೈ ತೆಗೆದಳು. ಉದ್ದನೆಯ ಪಟ್ಟಿ ಕೆಳಗಿತ್ತು. ಎ ಎಡಗಡೆಗಿತ್ತು. ಅಂಕಿಗಳು ಎಲ್ಲೋ ದೂರ ಕೂತಿದ್ದವು. ಶೇಷಪ್ಪನವರು ಗಂಟಲು ಸರಿಮಾಡಿಕೊಂಡರು. ಅವರ ಗಂಟಲಿನಲ್ಲಿ ಹಾಲಸ್ವಾಮಿಯವರಿಗೆ ತರೀಕೆರೆಗೆ ಹೊರಟ ಗೂಡ್ಸ್ ಆಟೋದ ಸದ್ದೇ ಕೇಳಿಸಿತು. ತಪ್ಪು ಎಲ್ಲಾಯಿತೆಂದು ಅವರಿಗೂ ಗೊತ್ತಾಗಲಿಲ್ಲ, ಅವರು ನಿಂತಲ್ಲಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

“ಮೇಷ್ಟ್ರೇ, ಯಾರೋ ಇದನ್ನ ಉಲ್ಟಾ ಇಟ್ಟವ್ರೆ,” ಎಂದಳು ಸಣ್ಣಮ್ಮ. ಕೀಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಂದುಮುಂದು ತಿರುಗಿಸಿ ಇಟ್ಟುಕೊಂಡಳು. ಅದರ ವೈರು ಅವಳ ಮಡಿಲಿಗೆ ಬಿತ್ತು. ಅಕ್ಷರಗಳೆಲ್ಲ ತಲೆ ಕೆಳಗಾಗಿ ನಿಂತವು. ಅವಳೇನು ಅಕ್ಷರ ನೋಡುವವಳೇ. ಕಿಟಕಿಯಾಚೆ ತನ್ನ ಅಂಗಡಿಗೆ ಯಾರಾದರೂ ಬಂದರೇನೋ ಎಂದು ಕತ್ತು ಹೊರಳಿಸಿ ನೋಡುತ್ತಲೇ ತನ್ನ ಹೆಸರು ಹೊಡೆದು ಮುಗಿಸಿದಳು. ಒಂದಕ್ಷರ ತಪ್ಪಿರಲಿಲ್ಲ.

ಆಮೇಲೆ ಸಾಲುಸಾಲಾಗಿ ಎಲ್ಲರೂ ಬಂದರು. ಮೇಡಂಗಳು ಹೊಡೆದರು, ಗೃಹಿಣಿಯರು ಹೊಡೆದರು. ಜಯಪ್ಪನವರು ತಮ್ಮ ಹೆಸರಿನ ಜೊತೆ ಡಿಗ್ರಿಯನ್ನೂ ಹೊಡೆದರು. ಎಲ್ಲರ ಮಡಿಲಲ್ಲೂ ವೈರು, ಎಲ್ಲರ ಕಣ್ಣೂ ಸೂರಿನ ಕಡೆ. ಜ್ಞಾನೇಶ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಶೇಷಪ್ಪನವರು ಕುರ್ಚಿ ಬಿಟ್ಟೆದ್ದು ಒಬ್ಬೊಬ್ಬರ ಹಿಂದೆಯೂ ಬಗ್ಗಿ ಬಗ್ಗಿ ನೋಡಿದರು. ಇಷ್ಟು ಕಡೆ ಕ್ಲಬ್ಬು ಮಾಡಿದ್ದೇನೆ, ಇಂಥದ್ದು ಕಂಡಿಲ್ಲ, ಇದು ಯಾವ ಪದ್ಧತಿ ಎಂದು ಮಗುವಿನ ಕುತೂಹಲದಿಂದ ಕೇಳಿದರು. ಇದು ಹಾಲಸ್ವಾಮಿ ಮೇಷ್ಟ್ರ ಪದ್ಧತಿ ಎಂದು ಕ್ಲಾಸು ಒಂದೇ ದನಿಯಲ್ಲಿ ಹೇಳಿತು.

ಕೇಳಿದವರು ಅಧ್ಯಕ್ಷರು, ಹೊಗಳಿದವರು ಸ್ವಂತ ಶಿಷ್ಯರು. ಮೇಷ್ಟ್ರ ಹೊಟ್ಟೆಯೊಳಗಿದ್ದ ಸತ್ಯಕ್ಕೆ ಇನ್ನು ಅಲ್ಲಿರಲು ಸಾಧ್ಯವಾಗಲಿಲ್ಲ. ಕಂಪ್ಯೂಟರಿನ ಹಿಂದಿನಿಂದಲೇ ಕೈಮುಗಿದರು.

“ಸಾರ್, ನಾನು ಇದನ್ನ ಇದುವರೆಗೂ ಮುಟ್ಟಿಲ್ಲ. ಇಲ್ಲೇ ಹಿಂದೆ ನಿಂತು ನೋಡಿ ಬರ್ಕಂಡಿದ್ದು. ನಂಗೇನೂ ಬರಲ್ಲ.”

ಶೇಷಪ್ಪನವರು ಸಭೆಯ ಕಡೆ ತಿರುಗಿ, ನಿಜವಾದ ವಿದ್ವಾಂಸರು ಹೀಗೇ ಇರುತ್ತಾರೆ, ತುಂಬಿದ ಮೇಲೂ ಬಾಗಿ ನಿಲ್ಲುತ್ತಾರೆ ಎಂದು ಕೊಂಡಾಡಿದರು. ಈ ಕಂಪ್ಯೂಟರುಗಳು ಜನ್ನಾಪುರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲೇ ಘೋಷಿಸಿದರು. ಚಪ್ಪಾಳೆಯ ಸದ್ದಿಗೆ ರಸ್ತೆಯಲ್ಲಿದ್ದ ಎತ್ತು ಬೆದರಿತು. ಆಮೇಲೆ ಶೇಷಪ್ಪನವರು, ಹೋಗುವ ಮೊದಲು ತಮಗೊಂದು ಆಸೆಯಿದೆ, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹೊಡೆಯುವುದನ್ನು ನೋಡಬೇಕು ಎಂದರು. ಶಿವಮೊಗ್ಗದವರೆಗೂ ಹೋಗಿದೆ ಆ ಸುದ್ದಿ ಎಂದೂ ಸೇರಿಸಿದರು.

ಮೇಷ್ಟ್ರು ಕದಲಲಿಲ್ಲ. ಜಗದಾಂಬಾ ಎದ್ದು ಬಂದು ಅವರ ತೋಳು ಹಿಡಿದರು. ಆ ಕೋಣೆಯಲ್ಲಿ ಅವರ ಮಾತನ್ನು ನಂಬಿದ್ದು ಇವರೊಬ್ಬರೇ.

“ನೀವು ಮುಟ್ಟಿಲ್ಲ ಅಂತ ನಂಗೆ ಮೊದಲಿಂದಲೂ ಗೊತ್ತು ಕಣ್ರೀ,” ಎಂದು ಅವರ ಕಿವಿಯಲ್ಲಷ್ಟೇ ಹೇಳಿದರು. “ಎಷ್ಟು ಆಸೆ ಅಂತಲೂ ಗೊತ್ತು. ಬನ್ನಿ, ಈಗ್ಲಾದ್ರೂ ಮುಟ್ಟಿ.”

ಮೇಜನ್ನು ಸುತ್ತುಹಾಕಿ ಮೇಷ್ಟ್ರು ಮುಂಭಾಗಕ್ಕೆ ಬಂದರು, ಜೀವಮಾನದಲ್ಲಿ ಮೊದಲ ಸಲ. ಕುರ್ಚಿಯಲ್ಲಿ ಕೂತು, ವೈರನ್ನು ಮಡಿಲಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಅರ್ಧ ಭಯಕ್ಕೆ, ಅರ್ಧ ಇಷ್ಟು ಜನರ ಮಾತು ಉಳಿಸುವುದಕ್ಕೆ. ತಾವೇ ಬರೆದ ಚಿತ್ರ ರೆಪ್ಪೆಯೊಳಗೆ ಬಿಚ್ಚಿಕೊಂಡಿತು. ತಮ್ಮ ಹೆಸರು ಹೊಡೆಯಲು ಬೆರಳು ಒಂದೊಂದೇ ಅಕ್ಷರದ ಮನೆಯನ್ನು ಹುಡುಕಿಕೊಂಡು ಹೋಯಿತು. ಗುಂಡಿ ಒತ್ತಿದರೆ ಇಷ್ಟು ಮೆತ್ತಗಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದೊಂದು ಒತ್ತಿಗೂ ಹಿಂದಿನಿಂದ ಜನ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಕೊನೆಯ ಅಕ್ಷರ ಬಿದ್ದಾಗ ಕೋಣೆಯೇ ಎದ್ದು ನಿಂತಿತು. ಸರಿಯಾಗಿದೆ, ಪೂರ್ತಿ ಸರಿಯಾಗಿದೆ ಎಂದು ಜ್ಞಾನೇಶನೇ ಕೂಗಿದ.

ಮೇಷ್ಟ್ರು ಕಣ್ಣು ಬಿಟ್ಟರು. ಎದುರಿಗೆ ಕಪ್ಪು ಗಾಜು. ಅದರಲ್ಲಿ ಅವರದೇ ಮುಖ. ಮೇಲೆ ಫ್ಯಾನು ನಿಧಾನವಾಗಿ ತಿರುಗಿ ನಿಲ್ಲುತ್ತಿತ್ತು. ಹನ್ನೆರಡಾಗಿತ್ತು.

“ಹೆಸರು ಬಂದಿತ್ತೇನೇ?” ಎಂದು ಅವರು ಹೆಂಡತಿಯನ್ನು ಕೇಳಿದರು.

“ಬಂದಿತ್ತು. ಎಲ್ರೂ ನೋಡಿದ್ವಿ.”

ಜನ ಹಾರ ಹಿಡಿದು ಅವರ ಕಡೆ ನುಗ್ಗುತ್ತಿದ್ದರು. ಹಾಲಸ್ವಾಮಿ ಮೇಷ್ಟ್ರು ಹಾರಕ್ಕೆ ಕೊರಳೊಡ್ಡದೆ ಕಿಟಕಿಗೆ ಓಡಿದರು. ಕಂಬದ ಬುಡದಲ್ಲಿ ಚೌಡಪ್ಪ ಮಾತು ಉಳಿಸಿಕೊಂಡ ಸಂತೋಷದಲ್ಲಿ ಬೀಡಿ ಹಚ್ಚುತ್ತಿದ್ದ.

“ಚೌಡಪ್ಪ, ಕರೆಂಟ್ ಕೊಡೋ ಮಾರಾಯ,” ಎಂದು ಅವರು ಸರಳುಗಳ ನಡುವೆ ಕೈಚಾಚಿ ಬೇಡಿದರು. “ನಾನಿನ್ನೂ ನೋಡಿಲ್ಲ.”